ನಂದಿ ಎಡಕ್ಕೋ ಬಲಕ್ಕೋ: ಮಕ್ಕಳ ದಿಕ್ಕಿನ ಅರಿವನ್ನು ಅಳೆಯುವ ಕತೆ

ದಸರಾ ರಜೆಯ ಒಂದು ಸಂಜೆ. ಚಿಕ್ಕಬಳ್ಳಾಪುರದ ನಮ್ಮ ಮನೆ ತಾರಸಿಯ ಮೇಲೆ ಇಬ್ಬರು ಮಕ್ಕಳು ಬೆಟ್ಟಕ್ಕಾಗಿ ಜಗಳ ಆಡುತ್ತಿದ್ದರು. ಒಬ್ಬಳು ನನ್ನ ಅಣ್ಣನ ಮಗಳು. ಹನ್ನೆರಡು ವರ್ಷ, ಹುಟ್ಟಿ ಬೆಳೆದದ್ದೆಲ್ಲ ಇದೇ ಊರಲ್ಲಿ. ಇನ್ನೊಬ್ಬ ತಂಗಿಯ ಮಗ. ಏಳು ವರ್ಷ, ಬೆಟ್ಟಸಾಲಿನ ಆಚೆ ದೊಡ್ಡಬಳ್ಳಾಪುರ ಕಡೆಯ ಹಳ್ಳಿಯವನು. ನಮ್ಮ ತಾರಸಿಯಲ್ಲಿ ಪಡುವಲಿಗೆ ಮುಖ ಮಾಡಿ ನಿಂತರೆ ಎಡಕ್ಕೆ ನಂದಿ ಬೆಟ್ಟ, ಬಲಕ್ಕೆ ಸ್ಕಂದಗಿರಿ. ಹುಡುಗ ಒಪ್ಪಲೇ ಇಲ್ಲ. "ಸುಳ್ಳು ದೊಡ್ಡಮ್ಮ, ನಂದಿ ಬಲಗಡೆ ಇರೋದು. ನಮ್ಮೂರಲ್ಲಿ ನಾನು ದಿನಾ ನೋಡ್ತೀನಿ," ಅಂತ ಸ್ಕಂದಗಿರಿಯ ಕಡೆ ಕೈ ತೋರಿಸಿದ. "ಅತ್ತೆ, ಇವನಿಗೆ ನಂದಿನೇ ಗೊತ್ತಿಲ್ಲ," ಅಂತ ಇವಳು ನಕ್ಕಳು.

ಅವನು ದಿನಾ ನೋಡುವುದೂ ನಿಜ, ಇವಳು ಹೇಳಿದ್ದೂ ನಿಜ. ನಂದಿ ತೆಂಕಲಿಗಿದೆ, ಸ್ಕಂದಗಿರಿ ಅದರ ಬಡಗಲಿಗಿದೆ. ನಾವು ಇವೆರಡನ್ನೂ ಮೂಡಲ ಕಡೆಯಿಂದ ನೋಡುತ್ತೇವೆ, ಅವನು ಪಡುವಲ ಕಡೆಯಿಂದ ನೋಡುತ್ತಾನೆ. ಅದಕ್ಕೇ ಎಡ ಬಲ ಅದಲುಬದಲು. 1,478 ಮೀಟರ್ ಎತ್ತರದ ಬೆಟ್ಟ ಇದ್ದಲ್ಲೇ ಇದೆ, ನೋಡುವವರು ನಿಂತ ಜಾಗ ಬೇರೆ. ಇಷ್ಟು ಹೇಳಿದ ಮೇಲೆ ಹನ್ನೆರಡರ ಹುಡುಗಿಗೆ ತಟ್ಟನೆ ಹೊಳೆಯಿತು. ಏಳರ ಹುಡುಗ ರಾತ್ರಿ ಮಲಗುವ ತನಕ ಮುಖ ಊದಿಸಿಕೊಂಡೇ ಇದ್ದ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ನಕ್ಷೆ ತಲೆಕೆಳಗಾದರೆ ಕಂಗಾಲಾಗುವ ಮಕ್ಕಳನ್ನು ತರಗತಿಯಲ್ಲೂ ನೋಡಿದ್ದೇನೆ. ಅದೇ ಮಕ್ಕಳು ತೋಟದಿಂದ ತೋಟಕ್ಕೆ ಕಣ್ಣು ಮುಚ್ಚಿಕೊಂಡು ಹೋಗಿಬರುವುದನ್ನೂ ನೋಡಿದ್ದೇನೆ. ಹಾಗಾದರೆ ಅವರಿಗೆ ದಿಕ್ಕಿನ ಅರಿವು ಇದೆಯೋ ಇಲ್ಲವೋ? ಮನಶ್ಶಾಸ್ತ್ರದಲ್ಲಿ ಇದಕ್ಕೆ ಸ್ಪೇಷಿಯಲ್ ಓರಿಯೆಂಟೇಷನ್ ಅನ್ನುತ್ತಾರೆ. ನಾನು ಎಲ್ಲಿದ್ದೇನೆ, ಯಾವ ಕಡೆ ಮುಖ ಮಾಡಿದ್ದೇನೆ, ಉಳಿದದ್ದೆಲ್ಲ ನನಗೆ ಯಾವ ಕಡೆ ಇದೆ ಎಂಬ ತಿಳಿವು ಅದು. ಅದನ್ನು ಅಳೆಯುವ ಪ್ರಯತ್ನ ಮುಕ್ಕಾಲು ಶತಮಾನದಿಂದ ನಡೆದಿದೆ. ಅಳೆದದ್ದು ಏನನ್ನು ಎಂಬ ವಾದವೂ ಅಷ್ಟೇ ಕಾಲದಿಂದ ನಡೆದಿದೆ.

ನಮ್ಮ ತಾರಸಿಯ ಜಗಳವನ್ನು ಸ್ವಿಟ್ಜರ್ಲೆಂಡಿನ ಜಾನ್ ಪಿಯಾಜೆ ಮತ್ತು ಬಾರ್ಬೆಲ್ ಇನ್ಹೆಲ್ಡರ್ ಮೇಜಿನ ಮೇಲೆ ಮಾಡಿಸಿದ್ದರು. ಅದು ಅಚ್ಚಾದದ್ದು 1948ರಲ್ಲಿ. ಮೇಜಿನ ಮೇಲೆ ಮೂರು ಗೊಂಬೆ ಬೆಟ್ಟಗಳು. ಒಂದರ ನೆತ್ತಿಯಲ್ಲಿ ಹಿಮ, ಇನ್ನೊಂದರ ಮೇಲೆ ಪುಟ್ಟ ಮನೆ, ಮತ್ತೊಂದರ ಮೇಲೆ ಶಿಲುಬೆ. ಮಗು ಒಂದು ಕಡೆ ಕೂರುತ್ತದೆ. ಒಂದು ಗೊಂಬೆಯನ್ನು ಬೇರೆ ಬೇರೆ ಕಡೆ ಇಟ್ಟು, ಈ ಗೊಂಬೆಗೆ ಬೆಟ್ಟಗಳು ಹೇಗೆ ಕಾಣುತ್ತವೆ, ಚಿತ್ರ ಆರಿಸು ಅನ್ನುತ್ತಾರೆ. ಚಿಕ್ಕ ಮಕ್ಕಳು ತಮಗೆ ಕಾಣುವ ಚಿತ್ರವನ್ನೇ ಎತ್ತಿ ಕೊಟ್ಟರು. ಒಂಬತ್ತು ಹತ್ತು ವರ್ಷಕ್ಕೆ ಬಂದ ಮೇಲೆ ಉತ್ತರ ಸರಿಯಾಗಿ ಬರತೊಡಗಿತು. ಚಿಕ್ಕ ಮಗುವಿಗೆ ತನ್ನ ಕಣ್ಣಿನಾಚೆ ಇನ್ನೊಂದು ಕಣ್ಣಿದೆ ಅನ್ನುವುದೇ ಹೊಳೆಯುವುದಿಲ್ಲ ಅಂತ ಪಿಯಾಜೆ ತೀರ್ಮಾನಿಸಿದರು.

ಅಷ್ಟು ಬೇಗ ತೀರ್ಮಾನಕ್ಕೆ ಬರಬಾರದಿತ್ತು. 1975ರಲ್ಲಿ ಹೆಲೆನ್ ಬೋರ್ಕೆ ಇದೇ ಪರೀಕ್ಷೆಯನ್ನು ಸ್ವಲ್ಪ ಬದಲಿಸಿದರು. ಬೆಟ್ಟಗಳ ಜೊತೆಗೆ ಕೆರೆ, ದೋಣಿ, ದನ, ಮನೆಗಳಿರುವ ಆಟಿಕೆಯ ದೃಶ್ಯಗಳನ್ನೂ ಇಟ್ಟರು. ಗೊಂಬೆಯ ಬದಲು ಮಕ್ಕಳು ಟಿವಿಯಲ್ಲಿ ದಿನಾ ನೋಡುವ ಒಂದು ಪಾತ್ರ. ಚಿತ್ರ ಆರಿಸುವ ಕೆಲಸ ಇಲ್ಲ. ಅಂಥದ್ದೇ ಇನ್ನೊಂದು ದೃಶ್ಯವನ್ನು ತಿರುಗುವ ಹಲಗೆಯ ಮೇಲಿಟ್ಟು, ಅವನಿಗೆ ಹೇಗೆ ಕಾಣುತ್ತದೋ ಹಾಗೆ ತಿರುಗಿಸು ಅಂದರು. ಮೂರು ನಾಲ್ಕು ವರ್ಷದ ಮಕ್ಕಳೇ ಆಟಿಕೆಯ ದೃಶ್ಯಗಳಲ್ಲಿ ಬಹುಪಾಲು ಸರಿಯಾಗಿ ತಿರುಗಿಸಿದರು. ಬೆಟ್ಟಗಳಲ್ಲಿ ಮಾತ್ರ ಅಷ್ಟು ಚೆನ್ನಾಗಿ ಬರಲಿಲ್ಲ. ಅಂದರೆ ಪಿಯಾಜೆಯ ಪರೀಕ್ಷೆ ದಿಕ್ಕಿನ ಅರಿವಿನ ಜೊತೆಗೆ ಇನ್ನೂ ಏನೇನನ್ನೋ ಅಳೆಯುತ್ತಿತ್ತು. ಹತ್ತು ಚಿತ್ರಗಳನ್ನು ಹೋಲಿಸುವ ತಾಳ್ಮೆ, ಒಂದರಂತೆ ಒಂದು ಕಾಣುವ ಬೆಟ್ಟಗಳನ್ನು ನೆನಪಿಡುವ ಶಕ್ತಿ, ಪ್ರಶ್ನೆ ಅರ್ಥವಾಗುವುದು, ಎಲ್ಲವೂ ಅದೇ ಅಂಕದೊಳಗೆ ಸೇರಿಹೋಗಿದ್ದವು. ಈ ಒಂದು ಮಾತನ್ನು ಹಿಡಿದುಕೊಳ್ಳಿ. ಮುಂದೆ ಹೇಳುವ ಎಲ್ಲ ಪರೀಕ್ಷೆಗಳಲ್ಲೂ ಇದೇ ತೊಡಕು ಬೇರೆ ಬೇರೆ ವೇಷದಲ್ಲಿ ಬರುತ್ತದೆ.

ಈಗ ಇಷ್ಟು ಒಪ್ಪಿದ್ದಾರೆ: ಇನ್ನೊಬ್ಬರಿಗೆ ಒಂದು ವಸ್ತು ಕಾಣುತ್ತದೋ ಇಲ್ಲವೋ ಎಂಬುದು ಮೂರು ವರ್ಷದ ಹೊತ್ತಿಗೇ ಗೊತ್ತಾಗುತ್ತದೆ. ಕಣ್ಣಾಮುಚ್ಚಾಲೆ ಆಡುವ ಮಕ್ಕಳನ್ನು ನೋಡಿದರೆ ಸಾಕು. ಅವರಿಗೆ *ಹೇಗೆ* ಕಾಣುತ್ತದೆ ಎಂಬುದು ಇನ್ನೂ ತಡ. ಆಂಡ್ರಿಯಾ ಫ್ರಿಕ್, ನೋರಾ ನ್ಯೂಕೂಂಬ್ ಮತ್ತು ಜೊತೆಗಾರರು 2014ರಲ್ಲಿ ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆಂದೇ ಒಂದು ಪರೀಕ್ಷೆ ಮಾಡಿದರು. ಕ್ಯಾಮೆರಾ ಹಿಡಿದ ಆಟಿಕೆ ಮನುಷ್ಯ ಒಂದು ಕಡೆ ನಿಂತಿರುತ್ತಾನೆ, ಅವನು ತೆಗೆದ ಫೋಟೋ ಯಾವುದು ಅಂತ ಕೇಳುತ್ತಾರೆ. ಅವನ ನೋಟವೂ ಮಗುವಿನ ನೋಟವೂ ಒಂದೇ ಆದಾಗ ಸುಲಭ. ಎರಡೂ ಎದುರುಬದುರಾದಾಗ ಚಿಕ್ಕವರು ತಮ್ಮ ನೋಟದ ಕಡೆಗೇ ಜಾರುತ್ತಾರೆ. ಎಂಟರ ಹೊತ್ತಿಗೆ ಆ ಜಾರುವಿಕೆ ಬಹಳ ಕಡಿಮೆಯಾಗುತ್ತದೆ. ನಮ್ಮ ಏಳರ ಹುಡುಗ ಇನ್ನೂ ಆ ಹೊಸ್ತಿಲ ಮೇಲೇ ಇದ್ದ ಅನ್ನಿ.

ಪರೀಕ್ಷೆಗಳ ಒಳಗೆ ಹೋಗುವ ಮೊದಲು ಒಂದು ವ್ಯತ್ಯಾಸ ಗೊತ್ತಾಗಬೇಕು. ಅದಕ್ಕೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗೋಣ. ಗುಡಿಯ ಸುತ್ತ ಪ್ರದಕ್ಷಿಣೆ ಹಾಕಿ. ಹಳಬರು 'ದೇವರಿಗೆ ಬಲ ಬರೋದು' ಅನ್ನುತ್ತಾರೆ. ಎಷ್ಟು ಚೆಂದದ ಮಾತು, ಅಲ್ವಾ? ನೀವು ತೆಂಕಲಿಗೆ ನಡೆಯಿರಿ, ಪಡುವಲಿಗೆ ನಡೆಯಿರಿ, ದೇವರು ಸದಾ ನಿಮ್ಮ ಬಲಕ್ಕೇ ಇರುತ್ತಾನೆ. ಈ ಲೆಕ್ಕದ ನಡುಮಧ್ಯೆ ನಿಮ್ಮ ಮೈ ಇದೆ. ಇನ್ನು ಮೇಲೆ ಕಾಣುವ ನಂದಿ ಬೆಟ್ಟವನ್ನು ಗಮನಿಸಿ. ಅದೇ ಒಂದು ಸುತ್ತಿನಲ್ಲಿ ಬೆಟ್ಟ ಒಮ್ಮೆ ಮುಂದೆ ಇರುತ್ತದೆ, ಒಮ್ಮೆ ಎಡಕ್ಕೆ, ಒಮ್ಮೆ ಬೆನ್ನ ಹಿಂದೆ. ಆದರೆ ಅದು ಗುಡಿಯ ಯಾವ ದಿಕ್ಕಿಗಿದೆ ಎಂಬುದು ಬದಲಾಗುವುದೇ ಇಲ್ಲ. ಈ ಲೆಕ್ಕದ ನಡುಮಧ್ಯೆ ಇರುವುದು ನೆಲ. ಮೈಯ ಲೆಕ್ಕ, ನೆಲದ ಲೆಕ್ಕ ಅಂತ ಇವನ್ನು ಕರೆಯೋಣ. ದಿಕ್ಕಿನ ಅರಿವು ಅಂದರೆ ಈ ಎರಡು ಲೆಕ್ಕಗಳ ನಡುವೆ ಸಲೀಸಾಗಿ ಓಡಾಡುವುದು.

ಇದರ ಪಕ್ಕದ ಮನೆಯಲ್ಲೇ ಇನ್ನೊಂದು ಸಾಮರ್ಥ್ಯವಿದೆ. ಇದರ ಜೊತೆ ಗೊಂದಲ ಆಗುವುದೇ ಜಾಸ್ತಿ. ವಸ್ತುವನ್ನು ಮನಸ್ಸಲ್ಲೇ ತಿರುಗಿಸಿ ನೋಡುವುದು, ಅಂದರೆ ಮೆಂಟಲ್ ರೊಟೇಷನ್. 1971ರಲ್ಲಿ ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಜ್ಲರ್ ಘನಗಳನ್ನು ಜೋಡಿಸಿದ ಎರಡು ಆಕೃತಿ ತೋರಿಸಿ, ಇವೆರಡೂ ಒಂದೇನಾ ಅಂತ ಕೇಳಿದರು. ಒಂದು ಇನ್ನೊಂದಕ್ಕಿಂತ ಎಷ್ಟು ಡಿಗ್ರಿ ತಿರುಗಿದೆಯೋ ಅದಕ್ಕೆ ಸರಿಯಾಗಿ ಉತ್ತರಕ್ಕೆ ಬೇಕಾದ ಸಮಯವೂ ಏರುತ್ತಾ ಹೋಯಿತು. ಜನ ನಿಜವಾಗಿಯೂ ತಲೆಯೊಳಗೆ ಅದನ್ನು ತಿರುಗಿಸುತ್ತಿದ್ದರು. ಸ್ಪರ್ಧಾತ್ಮಕ ಪರೀಕ್ಷೆಗಳ ರೀಸನಿಂಗ್ ಪುಸ್ತಕದಲ್ಲಿ ಬರುವ ದಾಳ, ಕನ್ನಡಿ ಬಿಂಬದ ಪ್ರಶ್ನೆಗಳು ಈ ಜಾತಿಯವು. ಇಲ್ಲಿ ವಸ್ತು ತಿರುಗುತ್ತದೆ, ನೀವು ಕೂತಲ್ಲೇ ಇರುತ್ತೀರಿ. ದಿಕ್ಕಿನ ಅರಿವಿನಲ್ಲಿ ಪ್ರಪಂಚ ಇದ್ದಲ್ಲೇ ಇರುತ್ತದೆ, ನೀವು ಮನಸ್ಸಿನಲ್ಲಿ ಎದ್ದು ಇನ್ನೊಂದು ಕಡೆ ಹೋಗಿ ನಿಲ್ಲುತ್ತೀರಿ. ಮೇರಿ ಹೆಗಾರ್ಟಿ ಮತ್ತು ಡೇವಿಡ್ ವಾಲರ್ 2004ರಲ್ಲಿ ಇವೆರಡೂ ಒಂದಕ್ಕೊಂದು ನಂಟಿರುವ, ಆದರೆ ಬೇರೆ ಬೇರೆಯೇ ಆದ ಸಾಮರ್ಥ್ಯಗಳು ಅಂತ ತೋರಿಸಿದರು. ದಾಳದ ಪ್ರಶ್ನೆಯಲ್ಲಿ ನೂರಕ್ಕೆ ನೂರು ತೆಗೆದವನು ಹೊಸ ಊರಿನಲ್ಲಿ ದಿಕ್ಕು ತಪ್ಪಬಹುದು.

ಇವತ್ತು ಹೆಚ್ಚು ಬಳಕೆಯಲ್ಲಿರುವ ಕಾಗದದ ಪರೀಕ್ಷೆಯೂ ಅವರದೇ. ಮೊದಲ ರೂಪವನ್ನು 2001ರಲ್ಲಿ ಮರಿಯಾ ಕೊಜೆವ್ನಿಕೋವ್ ಮತ್ತು ಹೆಗಾರ್ಟಿ ಮಾಡಿದ್ದರು. ಹಾಳೆಯ ಮೇಲ್ಭಾಗದಲ್ಲಿ ಏಳು ಚಿತ್ರಗಳು ಚೆದುರಿಕೊಂಡಿರುತ್ತವೆ: ಮರ, ಬೆಕ್ಕು, ಮನೆ, ಕಾರು, ಹೂವು, ಹೀಗೆ. ಕೆಳಗೆ ಒಂದು ವೃತ್ತ. ನೀನು ಹೂವಿನ ಹತ್ತಿರ ನಿಂತು ಮರದ ಕಡೆ ಮುಖ ಮಾಡಿದ್ದೀಯ ಅಂತ ಊಹಿಸಿಕೋ, ಬೆಕ್ಕು ಯಾವ ಕಡೆ ಇದೆ ತೋರಿಸು ಅನ್ನುತ್ತಾರೆ. ವೃತ್ತದ ನಡುವಿನ ಚುಕ್ಕೆಯೇ ನೀವು. ಅಲ್ಲಿಂದ ನೇರ ಮೇಲಕ್ಕೆ ಎಳೆದ ಬಾಣ ನೀವು ಮುಖ ಮಾಡಿದ ಕಡೆ. ಇನ್ನೊಂದು ಬಾಣ ನೀವು ಎಳೆಯಬೇಕು. 12 ಪ್ರಶ್ನೆ, 5 ನಿಮಿಷ. ಹಾಳೆಯನ್ನು ತಿರುಗಿಸುವ ಹಾಗಿಲ್ಲ.

ಸುಲಭ ಅನ್ನಿಸಿತಾ? ಒಂದು ಮಾಡಿ ನೋಡಿ. ಹಾಳೆಯ ನಡುವೆ ಒಂದು ಬಾವಿ ಬರೆಯಿರಿ. ಅದರ ಮೇಲ್ಗಡೆ ಬಸ್ಸು, ಬಲಗಡೆ ಬೇವಿನ ಮರ, ಕೆಳಗಡೆ ಹಸು. ಈಗ ನೀವು ಬಾವಿಯ ಹತ್ತಿರ ನಿಂತು ಹಸುವಿನ ಕಡೆ ಮುಖ ಮಾಡಿದ್ದೀರಿ. ಬೇವಿನ ಮರ ಎಲ್ಲಿ? ಹಾಳೆಯಲ್ಲಿ ಬಲಕ್ಕಿದೆ, ಆದರೆ ನೀವು ಹಾಳೆಯ ಕೆಳಮುಖವಾಗಿ ತಿರುಗಿದ್ದರಿಂದ ಅದು ನಿಮ್ಮ ಎಡಗೈ ಕಡೆಗೆ ಬಂತು. ವೃತ್ತದಲ್ಲಿ ಬಾಣ ಗಡಿಯಾರದ ಒಂಬತ್ತರ ಕಡೆ ಹೋಗಬೇಕು. ತಲೆಯೊಳಗೆ ತಿರುಗದ ಮಗು ಮೂರರ ಕಡೆ ಎಳೆಯುತ್ತದೆ. ತಪ್ಪು 180 ಡಿಗ್ರಿ. ಅದೇ ಬಸ್ಸಿನ ಕಡೆ ಮುಖ ಮಾಡು ಅಂದಿದ್ದರೆ ತಿರುಗುವ ಕೆಲಸವೇ ಇರುತ್ತಿರಲಿಲ್ಲ. ಹಾಳೆ ನೋಡುವ ದಿಕ್ಕಿಗೂ ಊಹಿಸಿಕೊಂಡ ದಿಕ್ಕಿಗೂ ನಡುವಿನ ಕೋನ ಹೆಚ್ಚಾದಷ್ಟೂ ತಪ್ಪು ಹೆಚ್ಚುತ್ತದೆ. ಒಳ್ಳೆಯ ಪರೀಕ್ಷೆಯಲ್ಲಿ ಸಣ್ಣ ಕೋನ, ದೊಡ್ಡ ಕೋನ ಎರಡೂ ಬೆರೆತಿರುತ್ತವೆ.

ಅಂಕ ಹಾಕುವ ವಿಧಾನ ಗಣಿತದ ಮೇಷ್ಟ್ರುಗಳಿಗೆ ಖುಷಿ ಕೊಡುವಂಥದ್ದು. ಸರಿ, ತಪ್ಪು ಅಂತಿಲ್ಲ. ಎಳೆದ ಬಾಣಕ್ಕೂ ಸರಿಯಾದ ಬಾಣಕ್ಕೂ ನಡುವೆ ಎಷ್ಟು ಡಿಗ್ರಿ ಎಂಬುದೇ ಅಂಕ. ಕಡಿಮೆ ಇದ್ದಷ್ಟೂ ಒಳ್ಳೆಯದು. ಇಲ್ಲೊಂದು ಗುಂಡಿ ಇದೆ. ಸರಿಯಾದ ದಿಕ್ಕು 10 ಡಿಗ್ರಿ, ಮಗು ಎಳೆದದ್ದು 350 ಡಿಗ್ರಿ ಅಂದುಕೊಳ್ಳಿ. ಕಳೆದರೆ 340 ಬರುತ್ತದೆ. ಆದರೆ ವೃತ್ತದಲ್ಲಿ ಅವೆರಡರ ನಡುವೆ ಇರುವುದು ಬರೀ 20 ಡಿಗ್ರಿ. ಹತ್ತಿರದ ದಾರಿಯಲ್ಲೇ ಅಳೆಯಬೇಕು. ಹಾಗಾಗಿ ತಪ್ಪು 180ನ್ನು ದಾಟುವುದೇ ಇಲ್ಲ. ಏನೂ ಗೊತ್ತಿಲ್ಲದೆ ಸುಮ್ನೆ ಬಾಣ ಎಳೆದವನ ಸರಾಸರಿ ತಪ್ಪು ಸೊನ್ನೆಗೂ 180ಕ್ಕೂ ನಡುವೆ, ಸುಮಾರು 90 ಡಿಗ್ರಿ ಬರುತ್ತದೆ. ಆದ್ದರಿಂದ 85 ಬಂತು ಅಂದರೆ ಆ ಮಗು ಬಹುಶಃ ಊಹೆ ಮೇಲೆ ಬರೆದಿದೆ. ಅಥವಾ ಪ್ರಶ್ನೆಯೇ ಅರ್ಥವಾಗಿಲ್ಲ. ಯಾವುದು ಅಂತ ಅಂಕ ಹೇಳುವುದಿಲ್ಲ.

ಸರಾಸರಿ ಇನ್ನೊಂದು ರೀತಿಯಲ್ಲೂ ಮೋಸ ಮಾಡುತ್ತದೆ. ಒಬ್ಬಳು 12 ಪ್ರಶ್ನೆಯಲ್ಲೂ 20 ಡಿಗ್ರಿ ಆಚೀಚೆ ಎಳೆದಳು. ಸರಾಸರಿ 20. ಇನ್ನೊಬ್ಬ 11 ಪ್ರಶ್ನೆಯಲ್ಲಿ ಬರೀ 5 ಡಿಗ್ರಿ ತಪ್ಪಿ, ಒಂದರಲ್ಲಿ ಎಡ ಬಲ ಪೂರ್ತಿ ಉಲ್ಟಾ ಮಾಡಿ 180 ತಪ್ಪಿದ. ಒಟ್ಟು 235, ಹನ್ನೆರಡರಿಂದ ಭಾಗಿಸಿದರೆ ಅವನದೂ ಹೆಚ್ಚುಕಮ್ಮಿ 20. ಪಟ್ಟಿಯಲ್ಲಿ ಇಬ್ಬರೂ ಅಕ್ಕಪಕ್ಕ. ಆದರೆ ಒಬ್ಬಳಿಗೆ ದಿಕ್ಕು ಗೊತ್ತು, ಕೈ ಒರಟು. ಇನ್ನೊಬ್ಬನದು ಕರಾರುವಾಕ್ಕು, ಒಂದು ಸಲ ಮನಸ್ಸಲ್ಲಿ ತಿರುಗುವುದನ್ನೇ ಮರೆತ. ಇಬ್ಬರಿಗೂ ಒಂದೇ ಪಾಠ ಹೇಳಿದರೆ ಏನೂ ಉಪಯೋಗವಿಲ್ಲ. ನನ್ನನ್ನು ಕೇಳಿದರೆ, ಮಕ್ಕಳ ವಿಷಯದಲ್ಲಿ ಅಂಕಕ್ಕಿಂತ ಆ ಹನ್ನೆರಡು ಬಾಣಗಳನ್ನು ಒಂದೊಂದಾಗಿ ನೋಡುವುದೇ ಮೇಲು.

ಈ ಪರೀಕ್ಷೆಯನ್ನು ಮಾಡಿದ್ದು ಕಾಲೇಜು ವಯಸ್ಸಿನವರಿಗೆ. ಅದನ್ನೇ ಎತ್ತಿ ನಾಲ್ಕನೇ ಕ್ಲಾಸಿಗೆ ಕೊಟ್ಟರೆ ತೊಂದರೆ ಶುರು. ಕೋನ ಎಂಬ ಕಲ್ಪನೆಯೇ ಮಗುವಿಗೆ ಗಟ್ಟಿಯಾಗಿರುವುದಿಲ್ಲ. ಅರ್ಧ ತರಗತಿ ಊಹೆಯ ಮಟ್ಟದಲ್ಲೇ ನಿಂತರೆ ಆ ಪರೀಕ್ಷೆ ಯಾರನ್ನೂ ಬೇರ್ಪಡಿಸಿ ತೋರಿಸುವುದಿಲ್ಲ. ತುಂಬ ಸುಲಭದ ಪರೀಕ್ಷೆಯನ್ನು ಪಿಯುಸಿ ಮಕ್ಕಳಿಗೆ ಕೊಟ್ಟಾಗ ಎಲ್ಲರೂ ಪೂರ್ಣ ಅಂಕ ತೆಗೆಯುತ್ತಾರಲ್ಲ, ಅದೇ ತೊಂದರೆ ಉಲ್ಟಾ ಆಗಿ. ಚಿಕ್ಕವರಿಗೆ ಆಟಿಕೆ ಮತ್ತು ಫೋಟೋ, ದೊಡ್ಡವರಿಗೆ ಬಾಣ ಮತ್ತು ವೃತ್ತ ಅಂತ ಬೇರೆ ಬೇರೆ ಪರೀಕ್ಷೆ ಬೇಕಾಗುತ್ತದೆ. ಆಗ ಎಂಟರ ಮಗುವಿನ ಅಂಕವನ್ನೂ ಹದಿನೈದರ ಹುಡುಗಿಯ ಅಂಕವನ್ನೂ ಒಂದೇ ಅಳತೆಗೋಲಿನ ಮೇಲೆ ಇಡುವುದು ಹೇಗೆ? ಬೆಳವಣಿಗೆಯನ್ನು ಅಳೆಯುವವರಿಗೆ ದೊಡ್ಡ ತಲೆನೋವು ಇದೇ.

ಭಾಷೆಯ ಕಾಟ ಬೇರೆ. ನಮ್ಮ ಜಿಲ್ಲೆಯಲ್ಲಿ, ಅದರಲ್ಲೂ ಬಾಗೇಪಲ್ಲಿ ಕಡೆ, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳೇ ಹೆಚ್ಚು. ತೆಲುಗಿನಲ್ಲಿ ಬಲಕ್ಕೆ 'ಕುಡಿ' ಅನ್ನುತ್ತಾರೆ. ಕನ್ನಡದಲ್ಲಿ ಕುಡಿ ಅಂದರೆ ನೀರೋ ಕಾಫಿಯೋ ಬರಬೇಕು! ಎರಡು ಭಾಷೆಯ ಮಗು ಇಂಥದ್ದನ್ನೆಲ್ಲ ಸಲೀಸಾಗಿ ನಿಭಾಯಿಸುತ್ತದೆ ನಿಜ. ಆದರೆ ಐದು ನಿಮಿಷದ ಗಡಿಯಾರ ಓಡುತ್ತಿರುವಾಗ ಸೂಚನೆ ಅರ್ಥ ಮಾಡಿಕೊಳ್ಳಲು ಹೋದ ಸೆಕೆಂಡುಗಳೂ ದಿಕ್ಕಿನ ಅಂಕದಲ್ಲೇ ಕಳೆಯುತ್ತವೆ. ಅದಕ್ಕೆ ಮಕ್ಕಳೊಡನೆ ಕೆಲಸ ಮಾಡುವವರು ಮೊದಲು ಮಗುವನ್ನು ನಿಜವಾಗಿ ಎದ್ದು ನಿಲ್ಲಿಸಿ, ತಿರುಗಿಸಿ, ಒಂದೆರಡು ಅಭ್ಯಾಸದ ಪ್ರಶ್ನೆ ಮಾಡಿಸಿ, ಆಮೇಲೆ ಕಾಗದ ಕೊಡುವುದು ಒಳ್ಳೆಯದು.

ಎಡ ಬಲ ಗೊತ್ತಿರುವ ಮಕ್ಕಳಿಗೆ ಹಳೆಯದೊಂದು ಪರೀಕ್ಷೆ ಇದೆ. ಜಾನ್ ಮನಿ 1965ರಲ್ಲಿ ಮಾಡಿದ್ದು. ಗೊತ್ತಿಲ್ಲದ ಒಂದು ಊರಿನ ಬೀದಿಗಳ ನಕ್ಷೆ, ಅದರಲ್ಲಿ ಚುಕ್ಕೆ ಚುಕ್ಕೆಯ ದಾರಿ, 32 ತಿರುವು. ಆ ದಾರಿಯಲ್ಲಿ ನಡೆದು ಹೋಗುತ್ತಿದ್ದೀಯ ಅಂದುಕೊಂಡು ಪ್ರತಿ ತಿರುವಿನಲ್ಲೂ ಎಡವೋ ಬಲವೋ ಹೇಳಬೇಕು. ದಾರಿ ನಿಮ್ಮಿಂದ ದೂರ ಹೋಗುವಾಗ ಎಲ್ಲರೂ ಜಾಣರು. ಅದು ಹೊರಳಿ ನಿಮ್ಮ ಕಡೆಗೇ ಬರುವಾಗ ನೋಡಿ, ಎಡ ಬಲ ಉಲ್ಟಾ ಆಗುತ್ತದೆ. ಕತ್ತು ವಾಲಿಸುವುದು, ಕೂತಲ್ಲೇ ಭುಜ ತಿರುಗಿಸುವುದು ಆಗ ಶುರುವಾಗುತ್ತದೆ. ಮನಸ್ಸು ತಿರುಗಲಾರದ್ದನ್ನು ಮೈ ತಿರುಗಿ ಮಾಡಿಕೊಡುತ್ತದೆ. ದೊಡ್ಡವರೂ ಮೊಬೈಲನ್ನು ದಾರಿಯ ಕಡೆಗೆ ತಿರುಗಿಸಿ ಹಿಡಿದು ಮ್ಯಾಪ್ ನೋಡುತ್ತಾರಲ್ಲ, ಅದೂ ಇದೇ.

ಕಾಗದ ಬಿಟ್ಟು ನೆಲಕ್ಕೆ ಇಳಿದ ಪರೀಕ್ಷೆಗಳೂ ಇವೆ. ಮೇಜಿನ ಮೇಲೆ ಒಂಬತ್ತು ಮರದ ತುಂಡುಗಳನ್ನಿಟ್ಟು, ಪರೀಕ್ಷಕರು ಮುಟ್ಟಿದ ಕ್ರಮದಲ್ಲೇ ಮಗು ಮುಟ್ಟಬೇಕು ಎಂಬ ಕೊರ್ಸಿ ಪರೀಕ್ಷೆ 1970ರ ದಶಕದ್ದು. ಅದನ್ನೇ ಹತ್ತು ಪಟ್ಟು ದೊಡ್ಡದು ಮಾಡಿ ನೆಲದ ಮೇಲೆ ಒಂಬತ್ತು ಚೌಕ ಹಾಸಿ, ಅದೇ ಕ್ರಮದಲ್ಲಿ ನಡೆಯಿರಿ ಅನ್ನುವ ರೂಪವನ್ನು ಇಟಲಿಯ ಸಂಶೋಧಕರು ಮಾಡಿದರು. ನೆನಪಿಡಬೇಕಾದ ಕ್ರಮ ಒಂದೇ. ಆದರೆ ಕೈಯಲ್ಲಿ ಮುಟ್ಟುವಾಗ ಚೆನ್ನಾಗಿ ಮಾಡಿದವರು ಕಾಲಲ್ಲಿ ನಡೆಯುವಾಗ ತಡವರಿಸಬಹುದು, ಯಾಕೆಂದರೆ ನಡೆಯುತ್ತಾ ತಿರುಗಿದಾಗ ಚೌಕಗಳ ಎಡ ಬಲ ಬದಲಾಗುತ್ತಲೇ ಇರುತ್ತದೆ. ನಮ್ಮ ಕುಂಟೆಬಿಲ್ಲೆಯ ಅಂಕಣ ನೋಡಿದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ಎಲ್ಲಕ್ಕಿಂತ ನೇರವಾದದ್ದು ಕೈ ತೋರಿಸುವ ಪರೀಕ್ಷೆ. ಮಗುವನ್ನು ಒಂದು ಕಡೆ ನಿಲ್ಲಿಸಿ, ಕಣ್ಣಿಗೆ ಕಾಣದ ಜಾಗದ ಕಡೆ ಕೈ ತೋರಿಸು ಅನ್ನುವುದು, ದಿಕ್ಸೂಚಿಯಲ್ಲಿ ತಪ್ಪನ್ನು ಅಳೆಯುವುದು. ನಾನು ಒಂದು ದಿನ ಶಾಲೆಯ ಅಂಗಳದಲ್ಲಿ ಮಾಡಿಸಿದೆ. ಬೆಂಗಳೂರು ಯಾವ ಕಡೆ? ಶಿಡ್ಲಘಟ್ಟ? ಬಾಗೇಪಲ್ಲಿ? ಗೌರಿಬಿದನೂರು? ಚಿಕ್ಕಬಳ್ಳಾಪುರದಿಂದ ಬೆಂಗಳೂರು ದಕ್ಷಿಣಕ್ಕೆ, ಬಾಗೇಪಲ್ಲಿ ಉತ್ತರಕ್ಕೆ, ಶಿಡ್ಲಘಟ್ಟ ಪೂರ್ವಕ್ಕೆ, ಗೌರಿಬಿದನೂರು ವಾಯವ್ಯಕ್ಕೆ. ಹೆದ್ದಾರಿಯ ಮೇಲಿನ ಊರುಗಳಲ್ಲಿ ತಪ್ಪು ಕಡಿಮೆ ಇತ್ತು. ಗೌರಿಬಿದನೂರು ಅಂದಾಗ ತುಂಬಾ ಮಕ್ಕಳು ಬಸ್ ಸ್ಟ್ಯಾಂಡಿನ ಕಡೆ ಕೈ ತೋರಿಸಿದರು! ಅವರ ಲೆಕ್ಕದಲ್ಲಿ ಗೌರಿಬಿದನೂರು ಶುರುವಾಗುವುದೇ ಅಲ್ಲಿಂದ. ನಗಬೇಡಿ. ಅಲೆಕ್ಸಾಂಡರ್ ಸೀಗಲ್ ಮತ್ತು ಶೆಲ್ಡನ್ ವೈಟ್ 1975ರಲ್ಲೇ ಹೇಳಿದ್ದರು: ಮಕ್ಕಳು ಮೊದಲು ಗುರುತುಗಳನ್ನು ಕಲಿಯುತ್ತಾರೆ, ಆಮೇಲೆ ಗುರುತಿನಿಂದ ಗುರುತಿಗೆ ದಾರಿ, ಕೊನೆಗೆ ಮೇಲಿನಿಂದ ನೋಡಿದಂಥ ನಕ್ಷೆ. ಇವು ಹೀಗೇ ಮೆಟ್ಟಿಲು ಮೆಟ್ಟಿಲಾಗಿ ಬರುತ್ತವೆ ಎಂಬುದನ್ನು ಈಗ ಎಲ್ಲರೂ ಒಪ್ಪುವುದಿಲ್ಲ, ಎಷ್ಟೋ ಸಲ ಜೊತೆಜೊತೆಗೇ ಬೆಳೆಯುತ್ತವೆ. ಆದರೂ ದಾರಿ ಗೊತ್ತಿರುವುದು ಬೇರೆ, ದಿಕ್ಕು ಗೊತ್ತಿರುವುದು ಬೇರೆ ಎಂಬುದು ಆ ಅಂಗಳದಲ್ಲಿ ಕಣ್ಣಿಗೆ ಕಾಣುತ್ತಿತ್ತು.

ಆ ದಿನ ಇನ್ನೊಂದು ಗಮನಕ್ಕೆ ಬಂತು. ಹಳ್ಳಿಯಿಂದ ಬರುವ ಕೆಲವು ಮಕ್ಕಳು ಎಡ ಬಲ ಅನ್ನಲೇ ಇಲ್ಲ. "ಮೂಡ್ಲ ಕಡೆ ಮಿಸ್" ಅಂದರು. ಮನೆಯಲ್ಲಿ ಪಡುವಲ ಹೊಲ, ತೆಂಕಲ ಬಾಗಿಲು ಅಂತಲೇ ಕೇಳಿ ಬೆಳೆದವರು. ಇದಕ್ಕೂ ಒಂದು ಪರೀಕ್ಷೆ ಇದೆ. ಸ್ಟೀಫನ್ ಲೆವಿನ್ಸನ್ ಅವರ ತಂಡದ್ದು. ಮೇಜಿನ ಮೇಲೆ ಮೂರು ಆಟಿಕೆ ಪ್ರಾಣಿಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ನೋಡಿಕೊಂಡ ಮೇಲೆ ಹಿಂದಕ್ಕೆ ತಿರುಗಿ, ಇನ್ನೊಂದು ಮೇಜಿನ ಮೇಲೆ 'ಅದೇ ಥರ' ಜೋಡಿಸಬೇಕು. ಮೊದಲಿಗೆ ಹಸು ಬಲಕ್ಕಿತ್ತು, ಅಂದರೆ ಮೂಡಲಿಗಿತ್ತು ಅನ್ನಿ. ತಿರುಗಿದ ಮೇಲೆ ಮತ್ತೆ ಬಲಕ್ಕೇ ಇಟ್ಟರೆ ಮೈಯ ಲೆಕ್ಕ. ಮತ್ತೆ ಮೂಡಲಿಗೇ ಇಟ್ಟರೆ, ಅದು ಈಗ ಎಡಕ್ಕೆ ಬರುತ್ತದೆ, ನೆಲದ ಲೆಕ್ಕ. ಎರಡೂ ತಪ್ಪಲ್ಲ. ಮೆಕ್ಸಿಕೋದ ತ್ಸೆಲ್ತಾಲ್ ಭಾಷೆಯವರು ಬೆಟ್ಟದ ಏರು, ಇಳಿಜಾರು ಹಿಡಿದು ದಿಕ್ಕು ಹೇಳುತ್ತಾರೆ, ಅವರು ಹೆಚ್ಚಾಗಿ ನೆಲದ ಲೆಕ್ಕದಲ್ಲೇ ಜೋಡಿಸಿದರು. ವಾರಾಣಸಿಯ ರಮೇಶ್ ಮಿಶ್ರಾ ಮತ್ತು ಸ್ವಿಟ್ಜರ್ಲೆಂಡಿನ ಪಿಯರ್ ಡಾಸೆನ್ ಭಾರತ, ನೇಪಾಳ, ಬಾಲಿಯ ಮಕ್ಕಳಲ್ಲಿ ವರ್ಷಗಟ್ಟಲೆ ಇದನ್ನು ಅಧ್ಯಯನ ಮಾಡಿದರು. ವಾರಾಣಸಿಯ ಸಂಸ್ಕೃತ ಪಾಠಶಾಲೆಯ ಮಕ್ಕಳಲ್ಲಿ ನೆಲದ ಲೆಕ್ಕ ಬಹಳ ಬಲವಾಗಿತ್ತು. ದಿನವಿಡೀ ದಿಕ್ಕು ನೋಡಿ ಕೂರುವ, ದಿಕ್ಕು ನೋಡಿ ಕೆಲಸ ಮಾಡುವ ಮಕ್ಕಳು ಅವರು. ಅಡುಗೆಮನೆ ಆಗ್ನೇಯಕ್ಕಿರಬೇಕು, ಬಡಗಲಿಗೆ ತಲೆ ಹಾಕಿ ಮಲಗಬೇಡ ಅನ್ನುವ ನಮ್ಮ ಮನೆಗಳಿಗೆ ಇದು ಆಶ್ಚರ್ಯವಾಗಬಾರದು.

ಈಗ ಯೋಚಿಸಿ. ಎಡ ಬಲದಲ್ಲೇ ಉತ್ತರ ಕೇಳುವ ಪರೀಕ್ಷೆ ಈ ಮಕ್ಕಳಿಗೆ ಎಷ್ಟು ನ್ಯಾಯ ಮಾಡುತ್ತದೆ? ಮಗು ಮೊದಲು ತನ್ನ ಲೆಕ್ಕವನ್ನು ಪರೀಕ್ಷೆಯ ಲೆಕ್ಕಕ್ಕೆ ಬದಲಿಸಿಕೊಳ್ಳಬೇಕು. ಅಂಕ ಕಡಿಮೆ ಬಂದರೆ ಅರಿವು ಕಡಿಮೆ ಅಂತ ಬರೆದುಬಿಡುತ್ತಾರೆ. ಬೇರೆ ದೇಶದ ಶಾಲೆಗಳಲ್ಲಿ ತೆಗೆದ ಸರಾಸರಿಯನ್ನು ತಂದು ನಮ್ಮ ಮಕ್ಕಳ ಪಕ್ಕ ಇಟ್ಟು ಹಿಂದೆ ಮುಂದೆ ಅನ್ನುವುದಕ್ಕೆ ನನ್ನ ವಿರೋಧ ಇರುವುದು ಇದೇ ಕಾರಣಕ್ಕೆ. ಇನ್ನು ಬೆರಳಚ್ಚು ತೆಗೆದು ಮಗುವಿನ 'ಸ್ಪೇಷಿಯಲ್ ಬುದ್ಧಿ' ಶೇಕಡಾ ಇಷ್ಟು ಅಂತ ಬಣ್ಣದ ರಿಪೋರ್ಟ್ ಕೊಡುವ ವ್ಯಾಪಾರವೂ ನಡೆಯುತ್ತದೆ. ಅದಕ್ಕೆ ವಿಜ್ಞಾನದ ಆಧಾರವೇ ಇಲ್ಲ. ದುಡ್ಡು ದಂಡ.

ಹದಿಹರೆಯದವರಿಗೆ ಈಗ ಕಂಪ್ಯೂಟರಿನೊಳಗಿನ ಊರುಗಳಿವೆ. ಪರದೆಯ ಮೇಲೆ ಬೀದಿಗಳಲ್ಲಿ ನಡೆದು ಕಟ್ಟಡಗಳನ್ನು ಕಲಿತು, ಆಮೇಲೆ ಒಂದರ ಮುಂದೆ ನಿಂತು ಇನ್ನೊಂದರ ಕಡೆ ಬೆರಳು ಮಾಡಬೇಕು. ಎಂಟರಿಂದ ಹದಿನಾರು ವರ್ಷದವರ ಮೇಲೆ ನಡೆದ ಇಂಥ ಅಧ್ಯಯನವೊಂದರಲ್ಲಿ ಹನ್ನೆರಡರ ಸುಮಾರಿಗೆ ಮಕ್ಕಳು ದೊಡ್ಡವರ ಮಟ್ಟಕ್ಕೆ ಹತ್ತಿರ ಬಂದದ್ದು ಕಂಡಿತು. ಆದರೆ ದೊಡ್ಡವರ ಮಟ್ಟ ಅನ್ನುವುದೇ ಒಂದಲ್ಲ. ದೊಡ್ಡವರಲ್ಲಿ ಅಜಗಜಾಂತರ ವ್ಯತ್ಯಾಸವಿದೆ. ಕಾಗದದ ಅಂಕಕ್ಕೂ ನಿಜವಾದ ಬೀದಿಯಲ್ಲಿ ದಿಕ್ಕು ತೋರಿಸುವುದಕ್ಕೂ ಸಂಬಂಧ ಇದೆ, ಆದರೆ ಒಂದನ್ನು ನೋಡಿ ಇನ್ನೊಂದನ್ನು ಹೇಳುವಷ್ಟು ಬಿಗಿಯಾಗಿಲ್ಲ.

ಹುಡುಗರು ಮುಂದು, ಹುಡುಗಿಯರು ಹಿಂದು ಎಂಬ ಮಾತು ಬಂದೇ ಬರುತ್ತದೆ. ಆಕೃತಿ ತಿರುಗಿಸುವ ಪರೀಕ್ಷೆಯಲ್ಲಿ ಸರಾಸರಿ ವ್ಯತ್ಯಾಸ ಕಾಣುವುದು ನಿಜ. ಅದು ಚಿಕ್ಕಂದಿನಲ್ಲಿ ಸಣ್ಣದು, ಹದಿಹರೆಯದಲ್ಲಿ ದೊಡ್ಡದಾಗುತ್ತದೆ. ಮೇಘಾಲಯದಲ್ಲಿ 2011ರ ಒಂದು ಅಧ್ಯಯನ ಇದಕ್ಕೆ ಬೇರೆ ಬೆಳಕು ಚೆಲ್ಲಿತು. ಅಪ್ಪನ ವಂಶ ನಡೆಯುವ ಕಾರ್ಬಿ ಸಮುದಾಯದಲ್ಲಿ ಚಿತ್ರದ ತುಂಡುಗಳನ್ನು ಜೋಡಿಸುವುದರಲ್ಲಿ ಗಂಡಸರು ಬೇಗ ಮುಗಿಸಿದರು. ಆಸ್ತಿ ಮಗಳಿಗೆ ಹೋಗುವ ಖಾಸಿ ಸಮುದಾಯದಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಸೈಕಲ್ ಕೊಟ್ಟು ಊರೆಲ್ಲ ಸುತ್ತಲು ಬಿಟ್ಟದ್ದು ಯಾರನ್ನು, ಕತ್ತಲಾಗುವ ಮುಂಚೆ ಮನೆ ಸೇರು ಅಂದದ್ದು ಯಾರಿಗೆ ಅಂತಲೂ ಕೇಳಬೇಕಲ್ಲವೇ. ಡೇವಿಡ್ ಉಟಾಲ್ ಮತ್ತು ಜೊತೆಗಾರರು 2013ರಲ್ಲಿ 217 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಇಂಥ ಸಾಮರ್ಥ್ಯಗಳು ಅಭ್ಯಾಸದಿಂದ ಬೆಳೆಯುತ್ತವೆ ಅಂತ ಕಂಡುಕೊಂಡರು. ಹೀಗಿರುವಾಗ ಒಂದು ದಿನದ ಅಂಕ ಆ ದಿನದ ಅಂಕ ಅಷ್ಟೇ. ಅದೇ ಪರೀಕ್ಷೆ ಎರಡನೇ ಸಲ ಕೊಟ್ಟರೆ ಅಭ್ಯಾಸದಿಂದಲೇ ಒಂದಿಷ್ಟು ಏರುವುದೂ ಉಂಟು.

ರಜೆ ಮುಗಿಯುವ ಮುಂಚೆ ಇಬ್ಬರನ್ನೂ ನಂದಿ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಮೇಲೆ ಬಡಗಲಿಗೆ ಮುಖ ಮಾಡಿ ನಿಂತರೆ ಎದುರಿಗೇ ಸ್ಕಂದಗಿರಿ. ಬಲಗೈ ಕಡೆ ನಮ್ಮೂರು, ಎಡಗೈ ಕಡೆ ಮಂಜಿನೊಳಗೆ ಎಲ್ಲೋ ಅವನ ಊರು. ಹುಡುಗ ತನ್ನೂರಿನ ಕಡೆ ನೋಡಿದ. ಆಮೇಲೆ ಅಲ್ಲಿಂದ ಬೆಟ್ಟ ನೋಡುವವನ ಹಾಗೆ ಮೂಡಲಿಗೆ ತಿರುಗಿ ನಿಂತು ಕೈ ಎತ್ತಿದ, ಇಳಿಸಿದ. ಮತ್ತೆ ಪಡುವಲಿಗೆ ತಿರುಗಿ ಇನ್ನೊಂದು ಕೈ ಎತ್ತಿದ. ಕಾಗದದ ಪರೀಕ್ಷೆಯಲ್ಲಿ ಇದಕ್ಕೆ ಅವಕಾಶ ಇಲ್ಲ. ಏನೂ ಹೇಳಲಿಲ್ಲ, ಅಕ್ಕನ ಮುಖವನ್ನೂ ನೋಡಲಿಲ್ಲ. ವಾಪಸ್ ಬರುವಾಗ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದ ಕೂಡಲೇ ಓಡಿಹೋಗಿ ಎಡಗಡೆಯ ಕಿಟಕಿ ಸೀಟು ಹಿಡಿದ. "ಯಾಕೋ ಅಲ್ಲೇ?" ಅಂದೆ. "ಸ್ಕಂದಗಿರಿ ಈ ಕಡೆಗೇ ಬರುತ್ತೆ ದೊಡ್ಡಮ್ಮ," ಅಂದ. ಬಸ್ಸು ಇನ್ನೂ ಹೊರಟಿರಲಿಲ್ಲ.